ಮೆಟ್ಟು ಬಿಡುವ ಕಲ್ಲು

ಮೊನ್ನೆ ಶ್ರಾವಣದಲ್ಲಿ ಅರಣ್ಯ ಇಲಾಖೆಯ ಒಬ್ಬ ಹೆಣ್ಣುಮಗಳು ನನ್ನ ಮನೆ ಹುಡುಕಿಕೊಂಡು ಬಂದಳು. ಹೊಸ ಅಧಿಕಾರಿ, ಇಪ್ಪತ್ತೈದು ಇಪ್ಪತ್ತಾರರ ವಯಸ್ಸು, ಕೈಯಲ್ಲೊಂದು ನೋಟುಬುಕ್ಕು. ಮಸ್ಕಿಯ ಗುಡ್ಡದ ಹಿಂದೆ ಉಳಿದಿರುವ ಚೂರುಪಾರು ಕಾಡಿನೊಳಗೆ ಜನ ತಿರುಗಾಡಲು ಒಂದು ಸುತ್ತಿನ ಹಾದಿ ಮಾಡುತ್ತಾರಂತೆ. ಹೊರಟಲ್ಲಿಗೇ ಬಂದು ಮುಟ್ಟುವ ಹಾದಿ.

"ಈಜಿ ವಾಕ್ ರೀ ಅಜ್ಜಾರ. ಬರೇ ಎಲ್ಡು ತಾಸು. ಸಣ್ಣವರು ಮುದುಕರು ಎಲ್ಲಾರೂ ನಡೀಬಹುದು. ನಿಜಾಮರ ಕಾಲದಾಗ ನೀವು ಅಲ್ಲೇ ಗಸ್ತಿ ತಿರುಗ್ತಿದ್ರಂತಲ್ಲ, ಆವಾಗ ಯಾವ ಪ್ರಾಣಿ ಎಲ್ಲೆಲ್ಲಿ ಇದ್ವು ಅಂತ ಒಂದೀಟು ಬರದು ಕೊಡ್ರಿ. ಬೋರ್ಡ್ ಬರಸಾಕತ್ತೀವಿ," ಎಂದು ಪೆನ್ನನ್ನು ನನ್ನ ಕೈಗೇ ಇಟ್ಟಳು.

ನಾನು ಪೆನ್ನನ್ನು ಅಂಗಳಕ್ಕೆ ಎಸೆದೆ. ಮುದುಕನಿಗೆ ಅರಳುಮರಳು ಎಂದುಕೊಂಡಿರಬೇಕು ಪಾಪ, ಗಾಬರಿಯಾಗಿ ಎದ್ದು ನಿಂತಳು. ನನ್ನ ಸೊಸೆ ಅಡುಗೆಮನೆಯಿಂದ ಓಡಿ ಬಂದು, "ನಮ್ಮ ಮಾವಾರ ಸಿಟ್ಟು ಹಂಗಽ ಐತ್ರಿ, ಮನಸಿಗೆ ಹಚ್ಚಗೋಬ್ಯಾಡ್ರಿ," ಎಂದು ಚಹಾ ಕೊಟ್ಟು ಸಮಾಧಾನ ಮಾಡಿದಳು. ಸಿಟ್ಟು ಆ ಹುಡುಗಿಯ ಮೇಲಲ್ಲ. ಅದಕ್ಕೆ ಅವಳ ಎರಡರಷ್ಟು ವಯಸ್ಸಾಗಿದೆ. ಅದನ್ನು ಯಾರ ಮೇಲೆ ಹಾಕಬೇಕೋ ಅವರ ಪಟ್ಟಿಯಲ್ಲಿ ಮೊದಲ ಹೆಸರೇ ನನ್ನದು, ಹಾಗಾಗಿ ಇಳಿಸಲು ಜಾಗವಿಲ್ಲದೆ ಹೊತ್ತುಕೊಂಡೇ ತಿರುಗುತ್ತಿದ್ದೇನೆ.

ಹುಡುಗಿ ಬಿಡಲಿಲ್ಲ. ಬರೆಯದಿದ್ದರೆ ಬೇಡ, ಹಳೆಯ ಹಾದಿ ಎಲ್ಲಿತ್ತೆಂದು ತೋರಿಸಿ ಸಾಕು ಎಂದು ಜೀಪಿಗೆ ಹತ್ತಿಸಿಕೊಂಡಳು. ಗುಡ್ಡದ ಹಿಂದೆ ಇಳಿದೆ. ಹಿಂದಿನ ದಿನ ಮಳೆಯಾಗಿತ್ತು. ಕಾಲ ಕೆಳಗೆ ಗಂಜಣಿ ಹುಲ್ಲು ತುಳಿದು ಹೋಗಿ ಅದರ ಘಾಟು ವಾಸನೆ ಮೂಗಿಗೆ ಬಡಿಯಿತು. ಆ ವಾಸನೆ ಬಂದದ್ದೇ, ನನ್ನ ಬಲಗಾಲು ತಾನಾಗಿ ಮೇಲಕ್ಕೆದ್ದು ಗಾಳಿಯಲ್ಲಿ ನಿಂತಿತು. ಊರಬೇಕೋ ಬೇಡವೋ ಎಂದು ತಿಳಿಯದೆ ನಾನು ಜೀಪಿನ ಬಾಗಿಲು ಹಿಡಿದುಕೊಂಡೆ.

ಆ ವರ್ಷ ನನಗೆ ಇಪ್ಪತ್ತೊಂದು. ಮುದಗಲ್ಲಿನಲ್ಲಿ ಉರ್ದು ಮಿಡಲ್ ಪರೀಕ್ಷೆ ಪಾಸು ಮಾಡಿ, ಜಂಗಲಾತಿನಲ್ಲಿ, ಅಂದರೆ ಆಗಿನ ಕಾಡಿನ ಇಲಾಖೆಯಲ್ಲಿ, ಗಸ್ತಿಯ ಜವಾನನಾಗಿ ಮಸ್ಕಿಗೆ ಬಂದಿದ್ದೆ. ರಜಾಕಾರರ ಗದ್ದಲ ಇನ್ನೂ ಶುರುವಾಗಿರಲಿಲ್ಲ. ಖಾಕಿ ಅಂಗಿ, ಎದೆಗೆ ಹಿತ್ತಾಳೆಯ ಬಿಲ್ಲೆ, ಮೊದಲ ಸಂಬಳದಲ್ಲಿ ಲಿಂಗಸುಗೂರಿನಲ್ಲಿ ಕೊಂಡ ಮೊಳೆ ಹೊಡೆದ ಬೂಟು. ನಮ್ಮ ಮನೆತನದಲ್ಲಿ ಬೂಟು ಹಾಕಿದ ಮೊದಲಿಗ ನಾನೇ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎನ್ನುತ್ತಾರಲ್ಲ, ನಾನು ಬೂಟನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದೆ.

ಗುಡ್ಡದ ಬುಡದಲ್ಲಿ ಒಂದು ಚೌಕಿ, ಮಣ್ಣಿನ ಗೋಡೆ, ಮೇಲೆ ಹುಲ್ಲಿನ ಹೊದಿಕೆ. ಅಲ್ಲಿ ಬಾಳಪ್ಪ ಇದ್ದ. ಐವತ್ತು ದಾಟಿದ ಹಳೆಯ ಜವಾನ, ಹಣೆ ತುಂಬ ವಿಭೂತಿ, ಸಹಿಯ ಬದಲು ಹೆಬ್ಬೆಟ್ಟು. ಮೂವತ್ತು ವರ್ಷದಿಂದ ದಿನಕ್ಕೊಮ್ಮೆ ಅದೇ ಸುತ್ತು ಹೊಡೆಯುತ್ತಿದ್ದ. ನನ್ನ ಜೇಬಿನಲ್ಲಿ ಮಸಿಯ ಪೆನ್ನು ನೋಡಿ ಮೊದಲ ದಿನವೇ ನನಗೆ "ಮುನ್ಷಿ" ಎಂದು ಹೆಸರಿಟ್ಟ.

"ಏಳಲೇ ಮುನ್ಷಿ, ಬೂಟಿಗೆ ಮುತ್ತು ಕೊಟ್ಟಿದ್ದು ಸಾಕು. ನವಿಲು ಗಿಡದಿಂದ ಇಳಿಯಾಕತ್ಯಾವು," ಎಂದು ಎಬ್ಬಿಸುತ್ತಿದ್ದ.

ಹಾದಿ ಕಠಿಣದ್ದೇನಲ್ಲ. ಆ ಹುಡುಗಿ ಹೇಳಿದ್ದು ನಿಜ, ಮುದುಕರೂ ನಡೆಯಬಹುದು. ಬಾಳಪ್ಪ ಮಾತ್ರ ಅದಕ್ಕೆ ಅರ್ಧ ದಿನ ತೆಗೆದುಕೊಳ್ಳುತ್ತಿದ್ದ, ಯಾವಾಗಲೂ ಗುಡ್ಡವನ್ನು ಬಲಗೈಗೆ ಇಟ್ಟುಕೊಂಡು. ಬೆಳಕು ಹರಿಯುವಾಗ ಕಮರದ ಮರಗಳ ಕಾಡು. ನವಿಲುಗಳು ಇಳಿದು ಹೋಗುವವರೆಗೆ ಅಂಚಿನಲ್ಲಿ ಕೂತು ಬೀಡಿ ಸೇದುತ್ತಿದ್ದ. ಆಮೇಲೆ ದೊಡ್ಡ ಬಂಡೆಗುಂಡುಗಳ ಸಾಲು. ಅಲ್ಲಿಗೆ ಬರುವ ಹೊತ್ತಿಗೆ ಬಿಸಿಲು ಕಲ್ಲಿಗೆ ತಾಗಿ, ಕರಡಿ ತಿರುಗಾಟ ಮುಗಿಸಿ ಗವಿ ಸೇರಿ ಮಲಗಿರುತ್ತಿತ್ತು. ಗವಿಯ ಮುಂದೆ ಬಾರಿಹಣ್ಣಿನ ಬೀಜ ತುಂಬಿದ ಲದ್ದಿ ನೋಡಿ ಅದರ ಸಮಾಚಾರ ತಿಳಿದುಕೊಂಡು ಮುಂದೆ ಹೋಗುತ್ತಿದ್ದೆವು. ಆಮೇಲೆ ಮುಂಡಿಗೆ ಪೊದೆಯ ಹಳ್ಳ, ರಾತ್ರಿಯೆಲ್ಲ ಹಂದಿಗಳು ಹೊರಳಾಡಿ ಕದಡಿದ ನೀರು ತಿಳಿಯಾಗಿರುವ ಹೊತ್ತು. ಆಮೇಲೆ ಕೆರೆ, ಬೆಳ್ಳಕ್ಕಿ, ಬಾತು, ದಂಡೆಯ ಮೇಲೆ ಬುತ್ತಿ. ಕೊನೆಗೆ ಮಟಮಟ ಮಧ್ಯಾಹ್ನ ಕರಿಯ ಎರೆಮಣ್ಣಿನ ಹುಲ್ಲುಗಾವಲು. ಕಣ್ಣು ಹಾಯುವಷ್ಟು ಹುಲ್ಲು, ಅದರಲ್ಲಿ ಚಿಗರಿಯ ಹಿಂಡು, ಅಲ್ಲಲ್ಲಿ ಒಂದೊಂದು ಮುಳ್ಳಿನ ಕಾರಿಗಿಡ. ಹುಲ್ಲು ದಾಟಿದರೆ ಮತ್ತೆ ಚೌಕಿ.

"ಯಾಕ ಇಷ್ಟ ತಡಾ ಮಾಡ್ತಿ ಕಾಕಾ? ಲಗೂ ಲಗೂ ನಡದ್ರ ಎಲ್ಡು ತಾಸಿನ್ಯಾಗ ಮುಗಿತೈತಿ," ಎಂದು ಒಮ್ಮೆ ಕೇಳಿದೆ.

"ಒಬ್ಬರ ಮನೀಗೆ ಹೋಗೂದಾದ್ರ ಅವರು ಉಣ್ಣಾಕ ಕುಂತಾಗ ಹೋಗ್ತೀಯೇನಲೇ? ಅವಕ್ಕೂ ಒಂದೊಂದು ಹೊತ್ತು ಅದಾವು. ಆ ಹೊತ್ತು ಬಿಟ್ಟು ಹೋಗಬೇಕು," ಎಂದ.

ಹುಲ್ಲುಗಾವಲಿನ ಅಂಚಿಗೆ ಒಂದು ಕರಿಯ ಕಲ್ಲು ಇತ್ತು, ಮೊಣಕಾಲೆತ್ತರದ್ದು. ಅಲ್ಲಿಗೆ ಬಂದ ಕೂಡಲೇ ಬಾಳಪ್ಪ ಮೆಟ್ಟು ಬಿಟ್ಟು ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ಕುರಿ ಕಾಯುವವರೂ ಹಾಗೇ ಮಾಡುತ್ತಿದ್ದರು. ಮೆಟ್ಟು ಬಿಡುವ ಕಲ್ಲು ಎಂದೇ ಅದರ ಹೆಸರು. ಮಳೆಗಾಲದಲ್ಲಿ ಆ ಹುಲ್ಲಿನಲ್ಲಿ ಎರೆಬೂತ ಮೊಟ್ಟೆ ಇಡುತ್ತದೆ. ಮನುಷ್ಯನ ಎದೆಯ ಹತ್ತಿರ ಬರುವಷ್ಟು ಎತ್ತರದ ಹಕ್ಕಿ, ಬಿಳಿಯ ಕುತ್ತಿಗೆ, ತಲೆಗೆ ಕರಿಯ ಟೊಪ್ಪಿಗೆ. ಗೂಡು ಕಟ್ಟುವುದಿಲ್ಲ. ಬರಿಯ ನೆಲದ ಮೇಲೆ, ವರ್ಷಕ್ಕೆ ಒಂದೇ ಒಂದು ಮೊಟ್ಟೆ, ಅದೂ ಒಣಹುಲ್ಲಿನದೇ ಬಣ್ಣ. ಕಣ್ಣಿಗೆ ಕಾಣುವುದಿಲ್ಲ, ಬರಿಗಾಲಿಗೆ ಮೊದಲು ತಿಳಿಯುತ್ತದೆ ಎನ್ನುತ್ತಿದ್ದ ಬಾಳಪ್ಪ. ಬರಿಗಾಲಿನವನು ಮುಳ್ಳಿಗೆ ಅಂಜಿ ಮೊದಲು ಬೆರಳು ಊರಿ ನೋಡುತ್ತಾನೆ, ಆಮೇಲೆ ಹಿಮ್ಮಡಿ ಇಡುತ್ತಾನೆ. ನಾನು ಬೂಟು ಬಿಚ್ಚಲು ಬೇಸರ ಪಟ್ಟು ಹುಲ್ಲನ್ನು ಬಳಸಿ ದೂರದಿಂದ ಚೌಕಿಗೆ ಹೋಗುತ್ತಿದ್ದೆ. 

ಹಿಂದಿನ ಎರಡು ವರ್ಷ ಮೊಟ್ಟೆ ಉಳಿದಿರಲಿಲ್ಲ. ಒಂದು ವರ್ಷ ನರಿ ತಿಂದಿತ್ತು, ಇನ್ನೊಂದು ವರ್ಷ ಪರವೂರಿನ ಕುರಿಹಿಂಡು ನುಗ್ಗಿ ಹೋಗಿತ್ತು. ಮೊದಲು ನಾಲ್ಕಾರು ಇದ್ದ ಹಕ್ಕಿ ಈಗ ಒಂದು ಗಂಡು, ಒಂದು ಹೆಣ್ಣಿಗೆ ಬಂದು ನಿಂತಿದ್ದವು. ಈ ವರ್ಷ ಮರಿ ಏಳಲೇಬೇಕೆಂದು ಬಾಳಪ್ಪ ಹಟ ಹಿಡಿದಿದ್ದ. ಕುರಿಯ ಮಾಳವ್ವನ ಕಾಲಿಗೆ ಬಿದ್ದು, ದಸರೆಯವರೆಗೆ ಹುಲ್ಲಿನೊಳಗೆ ಹಿಂಡು ಬಿಡುವುದಿಲ್ಲವೆಂದು ಮಾತು ತೆಗೆದುಕೊಂಡಿದ್ದ. ಮಾಳವ್ವ ಅರವತ್ತರ ಹೆಂಗಸು, ನೂರು ಕುರಿಗಳ ಒಡತಿ, ನಾಲಿಗೆ ಕುಡುಗೋಲು. ಹಸಿರು ಹುಲ್ಲು ಕಣ್ಣೆದುರಿಗೆ ಇದ್ದರೂ ಕುರಿಗಳನ್ನು ಕೆರೆಯ ಆಚೆಯ ಕಲ್ಲುಭೂಮಿಗೆ ಹೊಡೆದುಕೊಂಡು ಹೋಗುತ್ತಿದ್ದಳು, ದಿನಾ ಬಾಳಪ್ಪನಿಗೆ ಬಯ್ಯುತ್ತ.

ಆಷಾಢದ ಕೊನೆಗೆ ಮೊಟ್ಟೆ ಬಿತ್ತು. ಬಾಳಪ್ಪ ನನ್ನನ್ನು ಕಲ್ಲಿನ ಹತ್ತಿರ ನಿಲ್ಲಿಸಿ, ದೂರದ ಒಂದು ಕಾರಿಗಿಡ ತೋರಿಸಿ, "ಅದರ ಈಚೆ ಕಡೆ ಐತಿ. ಹೆಣ್ಣು ಕಾವಿಗೆ ಕುಂತೈತಿ. ಯಾರ ಮುಂದೂ ಅನಬ್ಯಾಡ. ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು," ಎಂದ.

ನಾನು ಆಡಲಿಲ್ಲ. ಬರೆದೆ.

ಆ ವಾರವೇ ಲಿಂಗಸುಗೂರಿನ ಕಚೇರಿಯಿಂದ ಹುಕುಂ ಬಂದಿತ್ತು, ಪ್ರತಿ ಚೌಕಿಯಿಂದ ಕಾಡಿನ ಕೈಫಿಯತ್ತು, ಅಂದರೆ ಪೂರಾ ವರದಿ, ಬರೆದು ಕಳಿಸಬೇಕೆಂದು. ಹಿಂದೆಲ್ಲ ಬಾಳಪ್ಪ "ಎಲ್ಲಾ ಬರೋಬ್ಬರಿ ಐತಿ" ಎಂದು ಯಾರಿಂದಲೋ ಬರೆಸಿ ಹೆಬ್ಬೆಟ್ಟು ಒತ್ತಿ ಕಳಿಸುತ್ತಿದ್ದ. ಈಗ ಮುನ್ಷಿ ಇದ್ದಾನಲ್ಲ. ನಾಲ್ಕು ದಿನ ಕೂತು, ಚೊಕ್ಕ ಉರ್ದುವಿನಲ್ಲಿ ಆರು ಪುಟ ಬರೆದೆ. ಇಡೀ ಸುತ್ತಿನ ನಕ್ಷೆ ಬಿಡಿಸಿದೆ. ಯಾವ ಗವಿಯ ಕರಡಿ ಯಾವ ಹೊತ್ತಿಗೆ ಹೊರಗೆ ಬರುತ್ತದೆ, ಹಂದಿ ಎಲ್ಲಿ ನೀರಿಗಿಳಿಯುತ್ತದೆ, ಎರೆಬೂತದ ಗಂಡು ಸೂರ್ಯ ಹುಟ್ಟುವಾಗ ಯಾವ ದಿಬ್ಬದ ಮೇಲೆ ನಿಂತು ಎದೆ ಉಬ್ಬಿಸಿ ಹೂಂಕರಿಸುತ್ತದೆ, ಎಲ್ಲ. ತಪ್ಪಿಸಿ ಹೋಗುವುದಕ್ಕೆಂದು ಬಾಳಪ್ಪ ಮೂವತ್ತು ವರ್ಷ ಕಲಿತ ಹೊತ್ತುಗಳನ್ನು ನಾನು ಹಿಡಿದು ಹೊಡೆಯುವವರಿಗೆ ಅನುಕೂಲವಾಗುವಂತೆ ಗೆರೆ ಎಳೆದು ಬರೆದುಕೊಟ್ಟೆ. ಕೆಟ್ಟದ್ದಾಗಲಿ ಎಂದು ಬರೆಯಲಿಲ್ಲ. ನನ್ನ ಅಕ್ಷರ ಚೆಂದವಿದೆ ಎಂದು ಯಾರಾದರೂ ಅನ್ನಲಿ ಎಂದು ಬರೆದೆ. ಕೆಟ್ಟದ್ದಕ್ಕೆ ಬರೆದವನಿಗಾದರೂ ಒಂದು ಕಾರಣ ಇರುತ್ತದೆ. ಬಾಳಪ್ಪ ಅದನ್ನು ನೋಡಿ, "ಇಷ್ಟ್ಯಾಕ ಕರೇ ಮಾಡೀಯೋ ಕಾಗದ?" ಎಂದು ನಕ್ಕು ಹೆಬ್ಬೆಟ್ಟು ಒತ್ತಿದ. ಓದಿ ಹೇಳು ಎಂದು ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹದಿನೈದು ದಿನಕ್ಕೆ ಸಾಹೇಬರು ಬಂದರು. ಅವರ ಹೆಸರು ಬೇಡ, ಸತ್ತು ಹೋಗಿದ್ದಾರೆ. ಜೊತೆಗೆ ಬಂದೂಕಿನ ಇಬ್ಬರು ಅತಿಥಿಗಳು. ಕತ್ತಲು ಹರಿಯುವ ಮೊದಲೇ ಚೌಕಿಯ ಮುಂದೆ ಮೋಟಾರು ನಿಂತಿತು. ಸಾಹೇಬರು ನನ್ನ ಬೆನ್ನು ತಟ್ಟಿ, ಇಷ್ಟು ಒಳ್ಳೆಯ ಕೈಫಿಯತ್ತು ಈ ಜಿಲ್ಲೆಯಲ್ಲೇ ಬಂದಿಲ್ಲ ಎಂದರು. ನನ್ನ ಎದೆ ಆ ಹಕ್ಕಿಯ ಎದೆಗಿಂತ ಹೆಚ್ಚು ಉಬ್ಬಿತು. ಈಗ ನೆನೆದರೆ ಆ ಬೆನ್ನಿನ ಚರ್ಮ ಸುಲಿದು ಹಾಕಬೇಕೆನಿಸುತ್ತದೆ.

ಬಾಳಪ್ಪ ಎಂದಿನಂತೆ ಕಮರದ ಕಾಡಿನ ಕಡೆ ತಿರುಗಿದ. ಸಾಹೇಬರು ತಡೆದು ನನ್ನ ನಕ್ಷೆ ಬಿಚ್ಚಿದರು. ಹುಲ್ಲುಗಾವಲಿನಿಂದಲೇ ಶುರುಮಾಡಬೇಕು, ಸೂರ್ಯ ಹುಟ್ಟುವಾಗ ದಿಬ್ಬದ ಮೇಲೆ ಗಂಡು ಇರುತ್ತದೆಂದು ಇದರಲ್ಲಿದೆ ಎಂದರು. ಬಾಳಪ್ಪನಿಗೆ ಉರ್ದು ಅಷ್ಟಕ್ಕಷ್ಟೇ. "ಏನಂತಾರಲೇ ಮುನ್ಷಿ?" ಎಂದು ಕೇಳಿದ. ಹೇಳಿದೆ. ಅವನು ಕಾಗದ ನೋಡಿದ, ಅದರ ಮೇಲಿದ್ದ ತನ್ನದೇ ಹೆಬ್ಬೆಟ್ಟು ನೋಡಿದ, ಆಮೇಲೆ ನನ್ನನ್ನು ನೋಡಿದ. ಮುಂದೆ ನಡೆದ. ಆ ಸುತ್ತನ್ನು ಗುಡ್ಡ ಎಡಗೈಗೆ ಇಟ್ಟುಕೊಂಡು ಅವನು ನಡೆದದ್ದು ಅದೇ ಮೊದಲು.

ಹುಲ್ಲಿಗೆ ಇಳಿಯದೆ ಅಂಚು ಹಿಡಿದು ಕರಿಯ ಕಲ್ಲಿನ ಹತ್ತಿರ ಬಂದು ಮೆಟ್ಟು ಬಿಟ್ಟ. ಎಲ್ಲರಿಗೂ ಅಡ್ಡ ನಿಂತು ಕೈ ಮುಗಿದ.

"ಮುಂದ ನೆಲದ ಮ್ಯಾಲೆ ಮೊಟ್ಟಿ ಐತ್ರಿ ಸಾಹೇಬ್ರ. ಕಾಣಂಗಿಲ್ಲ. ಮೆಟ್ಟು ಬಿಟ್ಟು ಬರ್ರಿ, ನನ್ನ ಹೆಜ್ಜಿ ಮ್ಯಾಲೆ ಹೆಜ್ಜಿ ಇಟ್ಟು ಬರ್ರಿ. ಗಂಡು ಬೇಕಾದ್ರ ಹೊಡಕೊಳ್ರಿ. ಮೊಟ್ಟಿ ಒಂದು ಬಿಡ್ರಿ."

ಗಂಡನ್ನು ಕೊಟ್ಟು ಮೊಟ್ಟೆ ಉಳಿಸಿಕೊಳ್ಳಲು ಆ ಮನುಷ್ಯ ಅಷ್ಟು ಹೊತ್ತಿನಲ್ಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. 

"ಕ್ಯಾ ಬೋಲ್ತಾ ಹೈ?" ಎಂದು ಸಾಹೇಬರು ನನ್ನತ್ತ ತಿರುಗಿದರು.

ಅವನ ಮಾತನ್ನು ಇದ್ದ ಹಾಗೆ ಉರ್ದುವಿನಲ್ಲಿ ಹೇಳಿದ್ದರೆ ಸಾಕಿತ್ತು. ಅವರು ಕೇಳುತ್ತಿದ್ದರೋ ಇಲ್ಲವೋ, ಅದು ಅವರ ಪಾಪ ಆಗುತ್ತಿತ್ತು. ಆದರೆ ಮೂವರು ದೊಡ್ಡ ಮನುಷ್ಯರ ಬೂಟುಗಳ ಪಕ್ಕದಲ್ಲಿ ನನ್ನ ಬೂಟೂ ನಿಂತಿತ್ತು. ನನಗೆ ಬಾಳಪ್ಪನ ಬರಿಗಾಲು ನೋಡಿ ನಾಚಿಕೆಯಾಯಿತು.

"ಹಳ್ಳಿಯವರ ಮೂಢನಂಬಿಕೆ ಹುಜೂರ್. ಈ ಕಲ್ಲಿನ ಹತ್ತಿರ ಮೆಟ್ಟು ಬಿಡುತ್ತಾರೆ," ಎಂದೆ, ನನ್ನ ಚೊಕ್ಕ ಉರ್ದುವಿನಲ್ಲಿ.

ಅತಿಥಿಗಳು ನಕ್ಕರು. ಬಾಳಪ್ಪನನ್ನು ಪಕ್ಕಕ್ಕೆ ಸರಿಸಿ ಹುಲ್ಲಿಗಿಳಿದರು. ನಾನು ಹಿಂದೆ ಹೋದೆ, ಬೂಟು ಬಿಚ್ಚದೆ. ನಾನು ಏನು ಹೇಳಿದೆನೆಂಬುದು ಬಾಳಪ್ಪನಿಗೆ ಪೂರ್ತಿ ತಿಳಿಯದಿದ್ದರೂ ಆ ನಗು ತಿಳಿದಿತ್ತು.

ಗಂಡು ಬರೆದಲ್ಲೇ ಇತ್ತು. ಅಷ್ಟು ಸರಿಯಾಗಿ ಬರೆದಿದ್ದೆ. ಎಳೆಬಿಸಿಲಿನಲ್ಲಿ ದಿಬ್ಬದ ಮೇಲೆ ಬಿಳಿಯ ಎದೆ ಊದಿಸಿಕೊಂಡು ನಿಂತು, ಬಾವಿಯೊಳಗಿನಿಂದ ಬಂದ ಹಾಗೆ ಹೂಂಕರಿಸುತ್ತಿತ್ತು. ಬಂದೂಕು ಎರಡು ಸಲ ಹಾರಿತು. ಅದು ಕೆಳಗೆ ಬಿದ್ದು ಒಂದು ರೆಕ್ಕೆ ಬಡಿಯುತ್ತ ಹುಲ್ಲಿನಲ್ಲಿ ಹೊರಳಿತು. ಚಿಗರಿಗಳು ದಿಕ್ಕಾಪಾಲಾದವು. "ಜಾ ಜಾ, ಪಕಡೋ!" ಎಂದು ಸಾಹೇಬರು ನನಗೆ ಕೂಗಿದರು.

ಓಡಿದೆ. ಹಿಂದಿನಿಂದ ಬಾಳಪ್ಪ "ಏ ಮುನ್ಷೀ, ನಿಂದ್ರಲೇ! ಕಾರಿಗಿಡಾ!" ಎಂದು ಒದರಿದ್ದು ಕೇಳಿಸಿತು, ಕೇಳಿಸಲಿಲ್ಲವೆಂದು ಸುಳ್ಳು ಹೇಳಲಾರೆ. ನನ್ನ ಮುಂದೆ ಐದು ಮಾರಿನಲ್ಲಿ ಹೆಣ್ಣು ಭರ್‍ರೆಂದು ಎದ್ದು ಹಾರಿತು. ಮರುಹೆಜ್ಜೆಗೆ ಬಲಗಾಲ ಬೂಟಿನ ಕೆಳಗೆ ಚಿಟ್ಟೆಂದಿತು.

ಅಲ್ಲೇ ನಿಂತೆ. ಕಾಲು ಎತ್ತಲಿಲ್ಲ. ಎತ್ತದಿದ್ದರೆ ಏನೂ ಆಗಿಲ್ಲ ಎಂದು ಯಾಕೋ ಅನಿಸಿತು. ಬಾಳಪ್ಪ ಓಡಿ ಬಂದ, ಮೊಣಕಾಲೂರಿ ಕೂತ, ಎರಡೂ ಕೈಯಿಂದ ನನ್ನ ಬೂಟನ್ನು ಹಿಡಿದು ಮೆಲ್ಲಗೆ ಎತ್ತಿ ಪಕ್ಕಕ್ಕೆ ಇಟ್ಟ. ನಾಲ್ಕಾರು ದಿನದಲ್ಲಿ ಹೊರಗೆ ಬರಬೇಕಾಗಿದ್ದ ಮರಿ. ಪುಕ್ಕ ಮೂಡಿತ್ತು. ಅವನು ಅದನ್ನು ಟವಲಿನಲ್ಲಿ ಸುತ್ತಿಕೊಂಡ. ನನ್ನನ್ನು ಬಯ್ಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ನಾನು ಇಷ್ಟು ವರ್ಷ ಹೀಗೆ ಉರಿಯುತ್ತಿರಲಿಲ್ಲ.

ಸಾಹೇಬರು ಹಕ್ಕಿಯನ್ನು ಮೋಟಾರಿಗೆ ಹಾಕಿಕೊಂಡು, ಕರಡಿಗೆ ಇನ್ನೊಮ್ಮೆ ಬರುತ್ತೇವೆಂದು ಹೇಳಿ ಹೋದರು. ಬಾಳಪ್ಪ ಎದ್ದು ವಿಭೂತಿ ಸರಿಮಾಡಿಕೊಂಡ.

"ನಡೀರಿ. ಸುತ್ತು ಅರ್ಧಾ ಬಿಡಬಾರದು," ಎಂದ.

ನಡೀರಿ ಎಂದ. ಅಲ್ಲಿಯವರೆಗೆ ನನಗೆ ಅವನು ಲೇ ಎಂದಿದ್ದ, ನೀ ಎಂದಿದ್ದ, ಮುನ್ಷಿ ಎಂದಿದ್ದ. ಆವತ್ತಿನಿಂದ ಬರ್ರಿ, ಹೋಗ್ರಿ, ಉಣ್ರಿ. ಒಂದೇ ಚೌಕಿಯಲ್ಲಿ, ಒಂದೇ ಒಲೆಯ ರೊಟ್ಟಿ ತಿನ್ನುತ್ತ, ಪರವೂರಿನ ಅಮಲ್ದಾರನಿಗೆ ಕೊಟ್ಟ ಹಾಗೆ ನನಗೆ ಮರ್ಯಾದೆ ಕೊಟ್ಟ. ಒಂದು ಸಲ ತಡೆಯಲಾರದೆ, "ಕಾಕಾ, ಬಯ್ಯೋ ನನಗ," ಎಂದು ಕೂಗಿದೆ. "ನಾ ಯಾಕ ಬಯ್ಯಲ್ರಿ, ನೀವು ಓದಿದವರು," ಎಂದ. ಓದಿ ಓದಿ ಮರುಳಾದ ಕೂಚಂಭಟ್ಟ ಎಂದು ಊರವರು ನಕ್ಕಿದ್ದರೂ ಸಹಿಸುತ್ತಿದ್ದೆ. ಅವನು ನಗಲೂ ಇಲ್ಲ.

ಬಯ್ದವಳು ಮಾಳವ್ವ. ಮರುದಿನ ಕೆರೆಯ ದಂಡೆಯ ಮೇಲೆ ನನ್ನನ್ನು ಕಂಡವಳೇ ಕೋಲು ನೆಲಕ್ಕೆ ಕುಟ್ಟಿದಳು.

"ನನ್ನ ನೂರು ಕುರಿಗೆ ನಾಕ್ನಾಕು ಕಾಲು ಅದಾವಲೋ ಮುಕ್ಕಾ! ಹಸಗೊಂಡು ಬ್ಯಾ ಅಂದ್ರೂ ಒಂದು ಕಾಲು ಆ ಹುಲ್ಲಿನ್ಯಾಗ ಇಡಗೊಡಲಿಲ್ಲ ನಾ. ನಿನಗ ಇರಾವು ಎಲ್ಡು ಕಾಲು. ಎಲ್ಡು! ಅವನ್ನ ಹಿಡಕೊಳ್ಳಾಕ ಆಗಲಿಲ್ಲೇನು ನಿನಗ?"

ಹೆಣ್ಣು ಹಕ್ಕಿ ಮೂರು ದಿನ ಆ ಕಾರಿಗಿಡದ ಸುತ್ತ ಸುತ್ತು ಹಾಕಿತೆಂದು ಅವಳೇ ಹೇಳಿದಳು. ನಾಲ್ಕನೆಯ ದಿನ ತುಂಗಭದ್ರೆಯ ಕಡೆಗೆ ಹಾರಿಹೋಯಿತಂತೆ. ಅದೇ ದಿನ ಸಂಜೆ ಮಾಳವ್ವ ನೂರು ಕುರಿಗಳನ್ನೂ ಹುಲ್ಲಿನೊಳಗೆ ಬಿಟ್ಟಳು. ಇನ್ನು ಕಾಯುವುದು ಏನಿತ್ತು ಅಲ್ಲಿ?

ನನಗೆ ಶಿಕ್ಷೆಯಾಗಲಿಲ್ಲ. ದೀಪಾವಳಿಯ ಮೊದಲೇ ಲಿಂಗಸುಗೂರಿನ ಕಚೇರಿಯಲ್ಲಿ ಬರೆಯುವ ಕೆಲಸ ಕೊಟ್ಟರು, ಮುನ್ಷಿಯೆಂದು ನಿಜವಾಗಿಯೂ ಹೆಸರಾಯಿತು. ಥೂ, ನಾನು ಹೋದೆ ಕೂಡ. ಹೋಗುವ ದಿನ ಬಾಳಪ್ಪ ಹಾಸಿಗೆಯ ಸುರುಳಿ ಹೊತ್ತು ಮಸ್ಕಿಯ ಅಗಸೆಬಾಗಿಲಿನವರೆಗೆ ಬಂದು, "ಹೋಗಿ ಬರ್ರಿ," ಎಂದು ಕೈ ಮುಗಿದ. ಮತ್ತೆ ಅವನನ್ನು ನಾನು ನೋಡಲಿಲ್ಲ. ನೋಡುವ ಧೈರ್ಯ ಬರುವ ಹೊತ್ತಿಗೆ ಅವನು ತೀರಿಹೋಗಿದ್ದ. ಬೂಟು ಮಾತ್ರ ಬಹಳ ವರ್ಷ ಬಾಳಿತು. ಹಾಳಾದ್ದು ಹರಿಯಲೇ ಇಲ್ಲ.

"ಅಜ್ಜಾರ, ಆರಾಮಿಲ್ಲೇನ್ರಿ? ಕಾಲು ಕೆಳಗ ಇಡ್ರಿ," ಎಂದು ಆ ಹುಡುಗಿ ತೋಳು ಹಿಡಿದಳು.

ಅವಳಿಗೆ ಹಾದಿ ತೋರಿಸಿದೆ. ಕಮರದ ಗಿಡ ಹತ್ತೋ ಹನ್ನೆರಡೋ ಉಳಿದಿವೆ. ಗುಂಡುಗಳಲ್ಲಿ ಅರ್ಧ ಒಡೆದು ಜಲ್ಲಿಯಾಗಿವೆ. ಹಳ್ಳದಲ್ಲಿ ಊರಿನ ಕೊಳಚೆ. ಹುಲ್ಲುಗಾವಲಿಗೆ ಕಾಲುವೆಯ ನೀರು ಬಂದು ಗದ್ದೆಯಾಗಿ ಮೂವತ್ತು ವರ್ಷದ ಮೇಲಾಯಿತು. ಸಾಲು ಹಿಡಿದು ನಾಟಿ ಮಾಡಿದ ನೆಲ್ಲು, ಅಲ್ಲಿ ನಿಂತ ಬೆಳ್ಳಕ್ಕಿ. ನೆಲ್ಲಿನ ಬದುವಿನ ಮೇಲೆ ಆ ಕರಿಯ ಕಲ್ಲು ಹಾಗೇ ಇದೆ. ಯಾರೋ ಅದರ ಮೇಲೆ ಗೊಬ್ಬರದ ಖಾಲಿ ಚೀಲ ಒಣಹಾಕಿದ್ದರು. ಕಿತ್ತು ಎಸೆದೆ.

"ಬೋರ್ಡ್ ಇಲ್ಲೇ ಹಾಕೂಣ್ರಿ, ಚೊಲೋ ಜಾಗಾ ಐತಿ," ಎಂದಳು ಹುಡುಗಿ. "ಸಿಟ್ಟಾಗಬ್ಯಾಡ್ರಿ, ಒಂದು ಸಾಲರೆ ಬರೀರಿ."

ಪೆನ್ನು ಇಸಿದುಕೊಂಡೆ. ಒಂದೇ ಸಾಲು ಬರೆದೆ: ಇಲ್ಲಿ ಮೆಟ್ಟು ಬಿಟ್ಟು ಮುಂದೆ ಹೋಗಬೇಕು.

ಅವಳು ಅದನ್ನು ಓದಿ, ಗದ್ದೆಯ ಆಚೆ ಈಚೆ ಕಣ್ಣಾಡಿಸಿದಳು.

"ಯಾಕ್ರಿ ಅಜ್ಜಾರ, ಇಲ್ಲಿ ಗುಡಿ ಇತ್ತೇನ್ರಿ?"

"ಹೂಂನವ್ವಾ, ಇತ್ತು," ಎಂದೆ. "ನಾನಽ ತುಳದೀನಿ."